ದೂರು: "ಪೂರ್ತಿ ಸೆಟ್" ಎಂದು ಕಳಿಸಿದ ಕ್ರ್ಯಾಂಕ್, ಚೈನ್‌ವೀಲ್ ಒಂದಕ್ಕೊಂದು ಸೇರುವುದಿಲ್ಲ

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು,
ಹಳೆ ಸೈಕಲ್ ಬಿಡಿಭಾಗಗಳ ವಿಭಾಗ

ವಿಷಯ: ಬೇರೆ ಬೇರೆ ಸೈಕಲ್‌ಗಳ ಭಾಗಗಳನ್ನು ಒಂದೇ ಸೆಟ್ ಎಂದು ಮಾರಿರುವ ಬಗ್ಗೆ

ಮಾನ್ಯರೇ,

ನನ್ನ ಹಳೆ ಬಿ.ಎಸ್.ಎ. (ಇಂಗ್ಲೆಂಡಿನ ಕಂಪನಿ) ಸೈಕಲ್‌ಗೆಂದು ನಿಮ್ಮಿಂದ ಒಂದು ಸೆಟ್ ತರಿಸಿಕೊಂಡಿದ್ದೆ. ಎರಡು ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಚೈನ್‌ವೀಲ್ (ಮುಂದಿನ ಹಲ್ಲುಚಕ್ರ), ಕಾಟರ್ ಪಿನ್‌ಗಳು (ಕ್ರ್ಯಾಂಕನ್ನು ಆ್ಯಕ್ಸಲ್‌ಗೆ ಬಿಗಿಯುವ ಬೆಣೆ), ಫ್ರೀವೀಲ್ (ಹಿಂದಿನ ಹಲ್ಲುಚಕ್ರ), ಚೈನ್. "ಒಂದೇ ಸೈಕಲ್‌ನಿಂದ ಬಿಚ್ಚಿದ್ದು, ಯಾವ ಕಾಲದ ಬಿ.ಎಸ್.ಎ.ಗಾದರೂ ಸರಿಹೋಗುತ್ತದೆ" ಎಂದು ಜಾಹೀರಾತಿನಲ್ಲಿ ನೀವೇ ಬರೆದಿದ್ದೀರಿ. ಪೆಟ್ಟಿಗೆ ಬಿಚ್ಚಿ ನೋಡಿದರೆ ಇದು ಒಂದೇ ಸೈಕಲ್‌ನದ್ದಲ್ಲ. ಸುಮ್ನೆ ಅನುಮಾನದಿಂದ ಹೇಳುತ್ತಿಲ್ಲ, ಅಳೆದು ನೋಡಿಯೇ ಬರೆಯುತ್ತಿದ್ದೇನೆ.

ಮೊದಲು ಚೈನ್‌ವೀಲ್ ವಿಷಯ. ನಡುವೆ ಬಿ.ಎಸ್.ಎ. ಅಕ್ಷರ ಕೊರೆದಿರುವ ಚಂದದ ಚೈನ್‌ವೀಲ್ ಅದು. ಆದರೆ ಅದರಲ್ಲಿರುವುದು 24 ಹಲ್ಲು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸುಮಾರು 25 ಮಿ.ಮೀ., ಅಂದರೆ ಒಂದು ಇಂಚು. ನೀವೇ ಕಳಿಸಿದ ಫ್ರೀವೀಲ್‌ನಲ್ಲಿ ಈ ಅಂತರ ಅರ್ಧ ಇಂಚು. ಚೈನ್ ಕೂಡ ಅರ್ಧ ಇಂಚಿನದ್ದೇ. ಹಾಕಿ ನೋಡಿದೆ. ಚೈನ್‌ನ ಒಂದು ರೋಲರ್ ಹಲ್ಲಿನ ಸಂದಿಗೆ ಇಳಿಯುತ್ತದೆ, ಪಕ್ಕದ್ದು ನೇರವಾಗಿ ಮುಂದಿನ ಹಲ್ಲಿನ ನೆತ್ತಿಯ ಮೇಲೆ ಕೂರುತ್ತದೆ. ಬೆರಳಿನಿಂದ ಒತ್ತಿದರೂ ಕೆಳಗೆ ಹೋಗುವುದಿಲ್ಲ. ಹೋಗಲು ಜಾಗವೇ ಇಲ್ಲ ಅಲ್ವಾ?

ನಿಮ್ಮವರು ಎಡವಿದ್ದು ಎಲ್ಲಿ ಎಂದು ನನಗೆ ಅರ್ಥವಾಗುತ್ತದೆ. ಒಂದು ಇಂಚಿನ 24 ಹಲ್ಲಿನ ಚೈನ್‌ವೀಲ್, ಅರ್ಧ ಇಂಚಿನ 48 ಹಲ್ಲಿನ ಚೈನ್‌ವೀಲ್ ಎರಡೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಚೈನ್ ಕೂರುವ ವೃತ್ತದ ಅಡ್ಡಳತೆ ಎರಡಕ್ಕೂ 194 ಮಿ.ಮೀ. ಆಸುಪಾಸು. ಎರಡರ ನಡುವೆ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಬರೀ ಅಗಲ ನೋಡಿ "ಇದೇ ಸೈಜು" ಎಂದು ಎತ್ತಿಟ್ಟರೆ ಹೀಗೇ ಆಗುವುದು. ಹಲ್ಲು ಎಣಿಸಿದ್ದರೆ ಸಾಕಿತ್ತು. ಅಷ್ಟು ಅಗಲಕ್ಕೆ 24 ಹಲ್ಲು ಮಾತ್ರ ಇದೆ ಎಂದರೆ ಅದು ಇಂಚಿನ ಚೈನ್‌ನ ಕಾಲದ ಮಾಲು. ಅದಕ್ಕೆ ಹಿಂದೆಯೂ ಇಂಚಿನ ಹಲ್ಲಿನ ಗಾಲಿಯೇ ಬೇಕು, ಚೈನ್ ಕೂಡ ಅದೇ ಬೇಕು. ನಿಮ್ಮ 18 ಹಲ್ಲಿನ ಫ್ರೀವೀಲ್ ಜಾಗದಲ್ಲಿ 9 ಹಲ್ಲಿನದ್ದು ಇದ್ದಿದ್ದರೆ ಲೆಕ್ಕ ಕೂಡುತ್ತಿತ್ತು.

ಇನ್ನು ಎಡಗಡೆಯ ಕ್ರ್ಯಾಂಕ್. ನನಗೆ ಜಾಸ್ತಿ ಬೇಜಾರಾಗಿದ್ದು ಇದರಿಂದಲೇ. ಇಂಗ್ಲಿಷ್ ಸೈಕಲ್‌ಗಳ ಪೆಡಲ್ ತೂತು 9/16 ಇಂಚು, ಇಂಚಿಗೆ 20 ಥ್ರೆಡ್ (ಸ್ಕ್ರೂ ಸುತ್ತು). ಹಳೆ ಫ್ರೆಂಚ್ ಸೈಕಲ್‌ಗಳಲ್ಲಿ ಅದು 14 ಮಿ.ಮೀ., ಥ್ರೆಡ್ ಅಂತರ 1.25 ಮಿ.ಮೀ. 9/16 ಇಂಚು ಎಂದರೆ 14.29 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ನನ್ನ ಪೆಡಲ್‌ಗಳು ಇಂಗ್ಲಿಷ್ ಥ್ರೆಡ್‌ನವು. ಬಲಗಡೆ ಪೆಡಲ್ ಕೈಯಲ್ಲೇ ಸಲೀಸಾಗಿ ತಿರುಗಿ ಕೂತಿತು. ಎಡಗಡೆಯದ್ದು ಆರಂಭದಲ್ಲೇ ಬಿಗಿಯಾಗಿ ನಿಂತುಬಿಟ್ಟಿತು. ಎಡ ಪೆಡಲ್ ಉಲ್ಟಾ ತಿರುಗಿಸಬೇಕು ಎನ್ನುವುದು ನನಗೆ ಗೊತ್ತಿದೆ, ದಯವಿಟ್ಟು ಮತ್ತೆ ಅದನ್ನೇ ಹೇಳಬೇಡಿ.

ಅನುಮಾನ ಬಂದು ಉಳಿದದ್ದನ್ನೂ ಅಳೆದೆ. ಬಲ ಕ್ರ್ಯಾಂಕ್‌ನ ಕಾಟರ್ ಪಿನ್ 9.5 ಮಿ.ಮೀ., ಎಡಗಡೆಯದ್ದು 9. ಆ್ಯಕ್ಸಲ್ ನಡುವಿನಿಂದ ಪೆಡಲ್ ತೂತಿನ ನಡುವಿಗೆ ಬಲಗಡೆ ಆರೂವರೆ ಇಂಚು, ಅಂದರೆ 165 ಮಿ.ಮೀ. ಎಡಗಡೆ 170. ಪೆಡಲ್ ಥ್ರೆಡ್, ಪಿನ್, ಉದ್ದ ಮೂರೂ ಒಂದೇ ಮಾತು ಹೇಳುತ್ತಿವೆ: ಎಡ ಕ್ರ್ಯಾಂಕ್ ಫ್ರೆಂಚ್ ಸೈಕಲ್‌ನದ್ದು. ಆ್ಯಕ್ಸಲ್ ತೂತು ಮಾತ್ರ ಎರಡರಲ್ಲೂ 16 ಮಿ.ಮೀ. ಆಸುಪಾಸು ಇರುವುದರಿಂದ ಹೇಗೋ ತೂರಿಕೊಳ್ಳುತ್ತದೆ. ಪಿನ್‌ಗಳನ್ನು ಒಂದಕ್ಕೊಂದು ಎದುರು ದಿಕ್ಕಿನಿಂದಲೇ ಹೊಡೆದಿದ್ದೇನೆ. ಆದರೂ ಎರಡು ಕ್ರ್ಯಾಂಕ್ ಒಂದು ಗೆರೆಗೆ ಬರುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಗಿದೆ.

ನಿಮ್ಮ ಸಹಾಯವಾಣಿಯವರು ಕೊಟ್ಟ ಉತ್ತರ: "ಸ್ವಲ್ಪ ಎಣ್ಣೆ ಬಿಟ್ಟು ಜೋರಾಗಿ ತಿರುಗಿಸಿ, ಹಳೆ ಸಾಮಾನು ಸಾರ್, ಹೊಂದಿಸಿಕೊಳ್ಳಬೇಕು." ಜೋರಾಗಿ ತಿರುಗಿಸಿದರೆ ಕ್ರ್ಯಾಂಕ್‌ನ ಥ್ರೆಡ್ ಕಿತ್ತುಹೋಗುತ್ತದೆ, ನನ್ನ ಒಳ್ಳೆ ಪೆಡಲ್ ಕೂಡ ಹಾಳಾಗುತ್ತದೆ. ಆಮೇಲೆ "ಬಳಸಿದ ಮಾಲು ವಾಪಸ್ ಇಲ್ಲ" ಎನ್ನುವವರೂ ನೀವೇ. ತುಕ್ಕು, ಗೀರು, ನಿಕಲ್ ಎದ್ದಿರುವುದು ಇದ್ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ಹಳೆಯದನ್ನೇ ಕೇಳಿ ತರಿಸಿದವನು ನಾನು. ಜೋಡಿಯಲ್ಲದ್ದನ್ನು ಜೋಡಿ ಎಂದು ಮಾರಿದ್ದೀರಿ, ದೂರು ಅಷ್ಟೇ.

"ಯಾವ ಕಾಲದ ಬಿ.ಎಸ್.ಎ.ಗಾದರೂ" ಎಂಬ ಮಾತನ್ನಂತೂ ಮೊದಲು ತೆಗೆಯಿರಿ. 1957ರಲ್ಲಿ ಬಿ.ಎಸ್.ಎ. ತನ್ನ ಸೈಕಲ್ ವ್ಯವಹಾರವನ್ನು ಇನ್ನೊಂದು ಇಂಗ್ಲಿಷ್ ಸೈಕಲ್ ಕಂಪನಿಯಾದ ರ‍್ಯಾಲಿಗೆ ಮಾರಿತು. ಹೆಸರಿನ ಬಿಲ್ಲೆ ಅದೇ ಉಳಿದರೂ ಒಳಗಿನ ಸಾಮಾನು ಅದೇ ಇರಬೇಕೆಂದಿಲ್ಲ. ರ‍್ಯಾಲಿ ಕಾರ್ಖಾನೆಯ ಬಾಟಮ್ ಬ್ರಾಕೆಟ್ ಕಪ್‌ಗಳಲ್ಲಿ (ಕ್ರ್ಯಾಂಕ್ ಆ್ಯಕ್ಸಲ್ ಹಿಡಿಯಲು ಫ್ರೇಮ್‌ಗೆ ತಿರುಗಿಸಿ ಕೂರಿಸುವ ಬಟ್ಟಲು) ಸಾಮಾನ್ಯವಾಗಿ ಇಂಚಿಗೆ 26 ಥ್ರೆಡ್, ಉಳಿದ ಇಂಗ್ಲಿಷ್ ಸೈಕಲ್‌ಗಳಲ್ಲಿ 24. ಬಿಲ್ಲೆ ನೋಡಿ ಭಾಗ ಮಾರಿದರೆ ಇನ್ನೊಬ್ಬರ ಫ್ರೇಮ್‌ನ ಥ್ರೆಡ್ ಹಾಳಾಗುತ್ತದೆ. ಕಪ್, ಕ್ರ್ಯಾಂಕ್ ಹಾಳಾದರೆ ಬೇರೆ ಹುಡುಕಬಹುದು. ಫ್ರೇಮ್ ಹೋದರೆ ಸೈಕಲ್ಲೇ ಹೋದಂತೆ.

ನನಗೆ ಬೇಕಾಗಿರುವುದು ಇಷ್ಟು. ಒಂದೋ ಸೆಟ್ಟಿನ ಪೂರ್ತಿ ಹಣ, ಕಳಿಸಿದ ಖರ್ಚು, ವಾಪಸ್ ಕಳಿಸುವ ಖರ್ಚು ಎಲ್ಲವನ್ನೂ ಕೊಡಿ. ಇಲ್ಲವೇ ಅರ್ಧ ಇಂಚಿನ 48 ಹಲ್ಲಿನ ಚೈನ್‌ವೀಲ್ ಇರುವ ಬಲ ಕ್ರ್ಯಾಂಕ್, ಅದೇ ಉದ್ದದ ಇಂಗ್ಲಿಷ್ ಥ್ರೆಡ್‌ನ ಎಡ ಕ್ರ್ಯಾಂಕ್, ಎರಡಕ್ಕೂ 9.5ರ ಪಿನ್ ಕಳಿಸಿ. ಕಳಿಸುವ ಮುಂಚೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ನನಗೆ ತೋರಿಸಿ. ಫ್ರೀವೀಲ್, ಚೈನ್ ಸರಿಯಾಗಿವೆ. ಸೆಟ್ ಬದಲಿಸಿ ಕೊಟ್ಟರೆ ಅವೆರಡನ್ನೂ ಇಟ್ಟುಕೊಳ್ಳುತ್ತೇನೆ.

ಆ ಇಂಚಿನ ಚೈನ್‌ವೀಲ್ ವಾಪಸ್ ಬಂದ ಮೇಲೆ ಅದನ್ನು ಮತ್ತೆ ಇದೇ ಸೆಟ್ಟಿಗೆ ಸೇರಿಸಬೇಡಿ, ಹಲ್ಲು ಉಜ್ಜಿ ಹೊಂದಿಸಲೂ ಹೋಗಬೇಡಿ. ಅದು ಕೆಟ್ಟ ಮಾಲಲ್ಲ. ಇಂಚಿನ ಚೈನ್‌ನ ಸೈಕಲ್ ಇಟ್ಟುಕೊಂಡವರು ಅದಕ್ಕಾಗಿಯೇ ಹುಡುಕುತ್ತಿರುತ್ತಾರೆ. "ಒಂದು ಇಂಚು, 24 ಹಲ್ಲು" ಎಂದು ಸರಿಯಾಗಿ ಬರೆದು ಬೇರೆಯಾಗಿಯೇ ಮಾರಿ.

ಅಳತೆಯ ಫೋಟೊಗಳು, ಜಾಹೀರಾತಿನ ಪ್ರತಿ, ರಸೀದಿಯ ಪ್ರತಿ ಇದರ ಜೊತೆಗಿವೆ. ಹತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋನಿನಲ್ಲಿ ಬೇಡ.

ಇಂತಿ,
ನಿಮ್ಮ ಗ್ರಾಹಕ