ಸ್ಮಾರ್ಟ್ ಚೆಂಡು ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಫೋನಿಗೆ ಜೋಡಿಸಿ ಹುಡುಕುವ ಗಾಲ್ಫ್ ಚೆಂಡುಗಳನ್ನು ನಮ್ಮಲ್ಲಿ ಕೆಲವರು ತರತೊಡಗಿದ್ದಾರೆ. ಅದಕ್ಕೇ ಈ ಸೂಚನೆ.

ಅಭ್ಯಾಸಕ್ಕೆ ಧಾರಾಳವಾಗಿ ಬಳಸಿ. ಸ್ಪರ್ಧೆಗೆ ತರುವ ಮೊದಲು ಮಾತ್ರ ಗಾಲ್ಫ್ ನಿಯಮಗಳನ್ನು ರೂಪಿಸುವ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಪ್ರಕಟಿಸುವ ಮಾನ್ಯ ಚೆಂಡುಗಳ ಪಟ್ಟಿಯಲ್ಲಿ ಆ ಮಾದರಿ ಇದೆಯೇ ನೋಡಿಕೊಳ್ಳಿ. ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು. ಇವೆರಡೂ ಸರಿಯಿದ್ದರೆ ಸಾಲದು. ವೇಗ, ಹಾರುವ ದೂರ, ಗೋಳದ ಸಮಮಿತಿಯ ಪರೀಕ್ಷೆಗಳೂ ಇವೆ. ನಿಯಮಕ್ಕೆ ಒಗ್ಗದ ಚೆಂಡಿನಿಂದ ಹೊಡೆದರೆ ಒಂದೆರಡು ಪೆನಾಲ್ಟಿ ಸ್ಟ್ರೋಕಿಗೆ (ದಂಡವಾಗಿ ಲೆಕ್ಕಕ್ಕೆ ಸೇರುವ ಹೊಡೆತ) ಮುಗಿಯುವುದಿಲ್ಲ, ನೇರ ಅನರ್ಹತೆ.

ಇನ್ನು ಹುಡುಕಾಟ. ಮೊದಲು 5 ನಿಮಿಷ ಸಿಗುತ್ತಿತ್ತು, 2019ರಿಂದ 3 ನಿಮಿಷ ಅಷ್ಟೇ. ಫೋನು ಎಷ್ಟೇ ಆಸೆ ತೋರಿಸಲಿ, ನಾಲ್ಕನೇ ನಿಮಿಷಕ್ಕೆ ಸಿಕ್ಕ ಚೆಂಡು ಕಳೆದುಹೋದ ಚೆಂಡೇ. ಒಂದು ಪೆನಾಲ್ಟಿ ಸ್ಟ್ರೋಕ್ ಸೇರಿಸಿಕೊಂಡು, ಆ ಚೆಂಡನ್ನು ಕೊನೆಯ ಸಲ ಹೊಡೆದ ಜಾಗಕ್ಕೇ ಹಿಂದಿರುಗಬೇಕು. ಆದ್ದರಿಂದ ಅನುಮಾನ ಬಂದಾಗ ಮುಂದೆ ಹೋಗುವ ಮೊದಲೇ ಪ್ರಾವಿಷನಲ್ ಚೆಂಡು (ಮೊದಲನೆಯದು ಸಿಗದಿದ್ದರೆ ಇರಲಿ ಎಂದು ಹೊಡೆಯುವ ಇನ್ನೊಂದು ಚೆಂಡು) ಹೊಡೆದುಬಿಡಿ. ಅದು ಪ್ರಾವಿಷನಲ್ ಎಂದು ಬಾಯಿಬಿಟ್ಟು ಹೇಳಲು ಮರೆಯಬೇಡಿ.

ಬ್ಲೂಟೂತ್‌ನಿಂದ ಪವಾಡ ನಿರೀಕ್ಷಿಸಬೇಡಿ. ಚೆಂಡು ಬಿದ್ದ ಜಾಗದ ಹತ್ತಿರಕ್ಕೆ ನೀವೇ ನಡೆದುಹೋದ ಮೇಲಷ್ಟೇ ಸಿಗ್ನಲ್ ಸಿಗುವುದು. ನೀರಿಗೆ ಬಿದ್ದರಂತೂ ಆಸೆ ಬಿಡಿ, ಆ ತರಂಗಗಳನ್ನು ನೀರು ನುಂಗಿಬಿಡುತ್ತದೆ. (ದುಬಾರಿ ಚೆಂಡನ್ನು ಕೊಳದ ಮೇಲಿಂದ ಹಾರಿಸುವ ಧೈರ್ಯ ನನಗಂತೂ ಇಲ್ಲ.)

ಫೋನ್ ಸೈಲೆಂಟ್‌ನಲ್ಲಿರಲಿ. ಹುಡುಕಲು ತಡವಾಗುವಂತಿದ್ದರೆ ನಿಮ್ಮ ಹಿಂದೆ ಆಡುತ್ತಾ ಬರುವ ತಂಡವನ್ನು ಮುಂದೆ ಬಿಡಿ.