ಚಾನೆಲ್ ಮುಚ್ಚಿದರೆ ಕಾರ್ಯಕ್ರಮವನ್ನೇ ಬೈಯಬೇಡಿ

ಮಾನ್ಯ ಸಂಪಾದಕರೇ,

ಕನ್ನಡದ ಚಾನೆಲ್‌ಗಳು ಯಾಕೆ ಬಾಗಿಲು ಹಾಕುತ್ತವೆ ಎಂಬ ಬಗ್ಗೆ ಹೋದ ವಾರ ಓದುಗರೊಬ್ಬರು ಬರೆದ ಪತ್ರ ಓದಿದೆ. ಒಳ್ಳೇದು ಕೊಟ್ಟರೆ ಜನ ತಾವಾಗೇ ನೋಡುತ್ತಾರೆ, ಮುಚ್ಚಿಹೋದವರೆಲ್ಲ ಕೆಟ್ಟದ್ದು ಕೊಟ್ಟು ಮುಚ್ಚಿಕೊಂಡರು ಅನ್ನುವುದು ಅವರ ಮಾತು. ನಾನು ಹಾಸನದಲ್ಲಿ 27 ವರ್ಷ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಟಿವಿಯ ಮುಂದೆ ಕೂತಿದ್ದಕ್ಕಿಂತ ಹಿಂದೆ ಕೂತಿದ್ದೇ ಜಾಸ್ತಿ. ಅಲ್ಲಿಂದ ನೋಡಿದವನಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ಡ್ಯುಮಾಂಟ್ ಕಥೆ ಮಾತ್ರ ಬಿಡಬೇಡಿ.

ಅಮೆರಿಕದಲ್ಲಿ ಡ್ಯುಮಾಂಟ್ ಅಂತ ಒಂದು ಟಿವಿ ಜಾಲ ಇತ್ತು. 1946ರಲ್ಲಿ ಶುರುವಾಯಿತು, 1956ರಲ್ಲಿ ಮುಗಿಯಿತು. ನಮ್ಮಲ್ಲಿ ಎಷ್ಟೋ ಜನ ಈ ಹೆಸರೇ ಕೇಳಿರಲಿಕ್ಕಿಲ್ಲ. ನನಗೆ ಗೊತ್ತಾಗಿದ್ದು ಪಿಕ್ಚರ್ ಟ್ಯೂಬಿನ ಕಾರಣಕ್ಕೆ. ಅಲೆನ್ ಡ್ಯುಮಾಂಟ್ ಟಿವಿಯವನಾಗುವ ಮೊದಲು ಟ್ಯೂಬಿನವನು. ಆ ಕಾಲದಲ್ಲಿ ಜರ್ಮನಿಯಿಂದ ತರಿಸುತ್ತಿದ್ದ ಟ್ಯೂಬ್ 25-30 ಗಂಟೆ ಓಡಿದರೆ ಹೆಚ್ಚು, ಆಮೇಲೆ ಎತ್ತಿ ಬಿಸಾಡಬೇಕು. ಈತ 1931ರಲ್ಲಿ ನ್ಯೂಜೆರ್ಸಿಯ ತನ್ನ ಮನೆಯಲ್ಲೇ ಒಂದು ಲ್ಯಾಬ್ ಮಾಡಿಕೊಂಡು, ಸಾವಿರ ಗಂಟೆ ಬಾಳುವ ಟ್ಯೂಬ್ ಮಾಡಿದ. ಟ್ಯೂಬ್ ಹೋದರೆ ಗಿರಾಕಿಯ ಮುಖ ಹೇಗಾಗುತ್ತೆ ಅಂತ ನೋಡಿದವರಿಗೆ ಈ ಸಾವಿರ ಗಂಟೆಯ ಬೆಲೆ ಗೊತ್ತು. ಮುಂದೆ ಟಿವಿ ಸೆಟ್ ಮಾಡಿ ಮಾರಿದ, ಸೆಟ್ ಮಾರಿದ ಮೇಲೆ ಅದರಲ್ಲಿ ನೋಡಲು ಏನಾದರೂ ಬೇಕಲ್ಲ, ಸ್ಟೇಷನ್ನೂ ಹಾಕಿದ. ನ್ಯೂಯಾರ್ಕ್ ಸ್ಟೇಷನ್ನಿಗೆ ತನ್ನ ಇನಿಷಿಯಲ್ಲನ್ನೇ ಸೇರಿಸಿ ಡಬ್ಲ್ಯುಎಬಿಡಿ ಅಂತ ಹೆಸರಿಟ್ಟ. ಅದನ್ನೂ ವಾಷಿಂಗ್ಟನ್ ಸ್ಟೇಷನ್ನನ್ನೂ ಕೇಬಲ್‌ನಲ್ಲಿ ಜೋಡಿಸಿದ್ದೇ ಜಾಲದ ಶುರು.

ಕಾರ್ಯಕ್ರಮ ಕೆಟ್ಟದಿತ್ತಾ? ನೀವೇ ನೋಡಿ. ಜಾಕಿ ಗ್ಲೀಸನ್ ಎಂಬ ಹಾಸ್ಯನಟ ಟಿವಿಯಲ್ಲಿ ದೊಡ್ಡ ಹೆಸರು ಮಾಡಿದ್ದು ಇಲ್ಲಿ. ಮಂಗಳವಾರ ರಾತ್ರಿ ಎದುರಾಳಿ ಜಾಲ ಎನ್‌ಬಿಸಿಯಲ್ಲಿ ಹಾಸ್ಯನಟ ಮಿಲ್ಟನ್ ಬರ್ಲ್ ಬಂದರೆ ದೇಶವೇ ಟಿವಿ ಮುಂದೆ ಕೂರುತ್ತಿದ್ದ ಕಾಲದಲ್ಲಿ, ಅದೇ ಹೊತ್ತಿಗೆ ಡ್ಯುಮಾಂಟ್ ಒಬ್ಬ ಬಿಷಪ್ಪರನ್ನು ಕಪ್ಪು ಹಲಗೆಯ ಮುಂದೆ ನಿಲ್ಲಿಸಿ ಮಾತಾಡಿಸಿತು. ಯಾರು ನೋಡುತ್ತಾರೆ ಅಂತ ನಕ್ಕವರೇ ಜಾಸ್ತಿ ಇದ್ದಿರಬೇಕು. ಆದರೆ ಆ ಫುಲ್ಟನ್ ಶೀನ್‌ಗೆ ಎಮ್ಮಿ ಪ್ರಶಸ್ತಿಯೇ ಬಂತು. 1950ರಲ್ಲಿ ಹೇಜಲ್ ಸ್ಕಾಟ್ ಎಂಬ ಕಪ್ಪು ಪಿಯಾನೋ ಕಲಾವಿದೆಗೆ ಅವರದೇ ಹೆಸರಿನ ಕಾರ್ಯಕ್ರಮ ಕೊಟ್ಟರು, ಅಮೆರಿಕದ ಟಿವಿ ಜಾಲದಲ್ಲಿ ಆಗ ಅದು ಬಹಳ ಅಪರೂಪ. (ಕಮ್ಯುನಿಸ್ಟ್ ಅಂತ ಅನುಮಾನದ ಪಟ್ಟಿಯಲ್ಲಿ ಅವರ ಹೆಸರು ಬಂದು, ಅದೇ ವರ್ಷ ಕಾರ್ಯಕ್ರಮ ನಿಂತೂ ಹೋಯಿತು. ಡ್ಯುಮಾಂಟಿನವರು ದೇವರೇನೂ ಅಲ್ಲ.) 1954ರಲ್ಲಿ ಸೆನೆಟರ್ ಮೆಕಾರ್ಥಿ ಮತ್ತು ಸೇನೆಯ ನಡುವಿನ ವಿಚಾರಣೆ 36 ದಿನ ನಡೆಯಿತು. ಅದನ್ನು ಮೊದಲಿಂದ ಕೊನೆತನಕ ನೇರವಾಗಿ ತೋರಿಸಿದವರು ಎಬಿಸಿ ಎಂಬ ಇನ್ನೊಂದು ಜಾಲ ಮತ್ತು ಡ್ಯುಮಾಂಟ್. ಕೈಯಲ್ಲಿ ದುಡ್ಡಿದ್ದ ದೊಡ್ಡವರಿಬ್ಬರು, ಎನ್‌ಬಿಸಿ ಮತ್ತು ಸಿಬಿಎಸ್, ಹಾಗೆ ತೋರಿಸಲಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಕಾರ್ಯಕ್ರಮ ಮನೆಗೆ ತಲುಪುವ ದಾರಿಯಲ್ಲಿ.

ಎನ್‌ಬಿಸಿ, ಸಿಬಿಎಸ್ ಮೊದಲೇ ರೇಡಿಯೋ ಜಾಲದವರು. ಊರೂರಲ್ಲಿ ಪರಿಚಯದ ಸ್ಟೇಷನ್ ಮಾಲೀಕರಿದ್ದರು, ರೇಡಿಯೋದ ಲಾಭ ತಂದು ಟಿವಿಗೆ ಸುರಿದರು. ಡ್ಯುಮಾಂಟ್‌ಗೆ ರೇಡಿಯೋ ಇರಲಿಲ್ಲ. ಬಂಡವಾಳಕ್ಕಾಗಿ ಪ್ಯಾರಾಮೌಂಟ್ ಎಂಬ ಸಿನಿಮಾ ಕಂಪನಿಗೆ ಪಾಲು ಮಾರಿದ್ದರು, ಅದೇ ಆಮೇಲೆ ಕುತ್ತಿಗೆಗೆ ಬಂತು. ಒಂದು ಕಂಪನಿ ಐದೇ ಸ್ಟೇಷನ್ ಇಟ್ಟುಕೊಳ್ಳಬೇಕು ಅಂತ ನಿಯಮ. ಡ್ಯುಮಾಂಟ್ ಹತ್ತಿರ ಇದ್ದದ್ದು ಮೂರು. ಪ್ಯಾರಾಮೌಂಟ್ ಕಡೆಯವರದು ಬೇರೆ ಎರಡಿದ್ದವು. ಸ್ಟೇಷನ್‌ಗಳಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಅದನ್ನೂ ಇವರ ಲೆಕ್ಕಕ್ಕೇ ಹಾಕಿ, ಐದಾಯಿತು, ಇನ್ನು ಕೊಡಲ್ಲ ಅಂದಿತು. ಆ ಎರಡು ಸ್ಟೇಷನ್‌ಗಳಿಂದ ಡ್ಯುಮಾಂಟ್‌ಗೆ ನಯಾಪೈಸೆ ಉಪಯೋಗ ಇರಲಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. 1948ರಿಂದ 1952ರವರೆಗೆ ಎಫ್‌ಸಿಸಿ ಹೊಸ ಸ್ಟೇಷನ್‌ಗಳಿಗೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತು. ಎಷ್ಟೋ ಊರುಗಳಲ್ಲಿ ಒಂದು, ಹೆಚ್ಚೆಂದರೆ ಎರಡು ಸ್ಟೇಷನ್. ಅವು ಹಳೇ ನಂಟಿರುವ ಎನ್‌ಬಿಸಿ, ಸಿಬಿಎಸ್ ಕೈ ಹಿಡಿದವು. ತಡೆ ತೆಗೆದ ಮೇಲೆ ಹೊಸಬರಲ್ಲಿ ಬಹಳ ಜನರಿಗೆ ಸಿಕ್ಕಿದ್ದು ಯುಎಚ್‌ಎಫ್ ಎಂಬ ಮೇಲಿನ ಬ್ಯಾಂಡ್. ಜನರ ಮನೆಯಲ್ಲಿದ್ದ ಸೆಟ್ಟುಗಳು ಹಿಡಿಯುತ್ತಿದ್ದದ್ದು ವಿಎಚ್‌ಎಫ್ ಎಂಬ ಕೆಳಗಿನ ಬ್ಯಾಂಡ್ ಮಾತ್ರ! ಡ್ಯುಮಾಂಟ್ ಪಾಲಿಗೆ ಬಂದ ಊರುಗಳಲ್ಲಿ ಇಂಥವೇ ಜಾಸ್ತಿ. ಕಾರ್ಯಕ್ರಮ ಗಾಳಿಯಲ್ಲಿತ್ತು, ಟಿವಿಯಲ್ಲಿರಲಿಲ್ಲ.

ಇದನ್ನು ಓದಿದಾಗ ನನಗೆ ನಗು ಬಂತು, ಯಾಕೆಂದರೆ ಇದೇ ಆಟ ನನ್ನ ಅಂಗಡಿಯಲ್ಲೂ ನಡೆದಿದೆ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಊರಿನ ಅರ್ಧ ಮನೆಗಳಲ್ಲಿ ಎಂಟೇ ಬಟನ್ನಿನ ಟಿವಿ. ಕೇಬಲ್‌ನವರು ಒಳ್ಳೇ ಬ್ಯಾಂಡಿನಲ್ಲಿ ಯಾರನ್ನು ಕೂರಿಸುತ್ತಾರೋ ಅವರೇ ಚಾನೆಲ್, ಮಿಕ್ಕವರು ಬರೀ ಚುಕ್ಕಿ. ಹೊಸ ಕನ್ನಡ ಚಾನೆಲ್ ಬಂದಿದೆ ಅಂತ ಪೇಪರಿನಲ್ಲಿ ಜಾಹೀರಾತು ನೋಡಿ ಜನ ಟಿವಿಯನ್ನೇ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ತರುತ್ತಿದ್ದರು. "ಟಿವಿ ಕೆಟ್ಟಿದೆ ಕಣ್ರೀ, ಅದು ಬರ್ತಾ ಇಲ್ಲ." ಟಿವಿ ಸರಿಯಾಗೇ ಇತ್ತು. ಅದರ ಟ್ಯೂನರ್ ಆ ಚಾನೆಲ್ ಇರುವ ಕಡೆಗೆ ಹೋಗುತ್ತಲೇ ಇರಲಿಲ್ಲ. ಒಬ್ಬ ಕೇಬಲ್ ಆಪರೇಟರನ್ನು ಕೇಳಿದ್ದಕ್ಕೆ, "ಅವ್ರು ದುಡ್ಡು ಕೊಟ್ರೆ ಕೆಳಗಿನ ನಂಬರ್‌ಗೆ ತರ್ತೀನಿ" ಅಂದಿದ್ದ. ಮುಲಾಜೇನೂ ಇರಲಿಲ್ಲ.

ಮತ್ತೆ ಡ್ಯುಮಾಂಟಿಗೆ ಬರೋಣ. ಅವರ ಕೈಯಲ್ಲಿ ಒಂದೇ ಒಂದು ತುರುಫು ಎಲೆ ಇತ್ತು, ಪಿಟ್ಸ್‌ಬರ್ಗ್ ಸ್ಟೇಷನ್. ಹಲವು ವರ್ಷ ಅಷ್ಟು ದೊಡ್ಡ ಊರಿಗೆ ಅದೊಂದೇ. ನಿಮ್ಮ ಕಾರ್ಯಕ್ರಮ ಪಿಟ್ಸ್‌ಬರ್ಗಿನಲ್ಲಿ ಬರಬೇಕಾದರೆ ನಮ್ಮದನ್ನು ನಿಮ್ಮ ಊರುಗಳಲ್ಲಿ ಹಾಕಿ ಅಂತ ಚೌಕಾಸಿ ಮಾಡಬಹುದಿತ್ತು. 1954ರ ಕೊನೆಗೆ, ಸಾಲ ತಾಳಲಾರದೆ, ಅದನ್ನೇ 97.5 ಲಕ್ಷ ಡಾಲರಿಗೆ ವೆಸ್ಟಿಂಗ್‌ಹೌಸ್‌ಗೆ ಮಾರಿದರು. ಎಬಿಸಿ ಜೊತೆ ಸೇರಿಕೊಳ್ಳುವ ಮಾತುಕತೆಗೆ ಪ್ಯಾರಾಮೌಂಟ್ ಕಲ್ಲು ಹಾಕಿತು. ಗ್ಲೀಸನ್‌ನನ್ನು ಸಿಬಿಎಸ್ ಆಗಲೇ 1952ರಲ್ಲಿ ಹೆಚ್ಚು ದುಡ್ಡು ಕೊಟ್ಟು ಎಳೆದುಕೊಂಡಿತ್ತು. 1955ರಲ್ಲಿ ಆತನ ಹಾಸ್ಯ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಡ್ಯುಮಾಂಟ್ ಕಂಪನಿಯವರೇ ಮಾಡಿದ ಎಲೆಕ್ಟ್ರಾನಿಕ್ಯಾಮ್ ಕ್ಯಾಮೆರಾದಲ್ಲಿ, ಪ್ರಸಾರವಾಗಿದ್ದು ಸಿಬಿಎಸ್‌ನಲ್ಲಿ. ಹೊಟ್ಟೆ ಉರಿಯುವುದಿಲ್ಲವಾ? 1956ರ ಆಗಸ್ಟ್ 6ರಂದು ಒಂದು ಬಾಕ್ಸಿಂಗ್ ಪಂದ್ಯ ತೋರಿಸಿ ಜಾಲ ನಿಂತಿತು.

ಉಳಿದ ಸ್ಟೇಷನ್‌ಗಳು ಕೈಯಿಂದ ಕೈಗೆ ಹೋಗಿ ಮೆಟ್ರೋಮೀಡಿಯಾ ಆದವು, ಎಂಬತ್ತರ ದಶಕದಲ್ಲಿ ರೂಪರ್ಟ್ ಮರ್ಡೋಕ್ ಕೊಂಡು ಅದರ ಮೇಲೇ ಫಾಕ್ಸ್ ಎಂಬ ಜಾಲ ಕಟ್ಟಿದರು. ಇದೇ ಮರ್ಡೋಕ್ 1993ರಲ್ಲಿ ಸ್ಟಾರ್ ಟಿವಿ ಕೊಂಡಿದ್ದು. ಅದೇ ಸ್ಟಾರ್ ಆಮೇಲೆ ನಮ್ಮ ಸುವರ್ಣದ ಹೆಸರಿನ ಮುಂದೆಯೂ ಬಂದು ಕೂತಿತು. ಆ ಮನುಷ್ಯ ಫಾಕ್ಸ್ ಶುರುಮಾಡುವಾಗ ಮೊದಲು ಕೊಂಡಿದ್ದು ಸ್ಟೇಷನ್, ಕಾರ್ಯಕ್ರಮ ಆಮೇಲೆ.

ಈಗ ನಮ್ಮ ವಿಷಯ. ಡಿಜಿಟಲ್ ಬಾಕ್ಸ್ ಬಂದ ಮೇಲೆ ಎಂಟು ಬಟನ್ನಿನ ತೊಂದರೆ ಹೋಯಿತು, ನಿಜ. ಚಾನೆಲ್ ತೋರಿಸಲು ಕೇಬಲ್‌ನವರು ಚಾನೆಲ್‌ನವರಿಂದಲೇ ವಸೂಲಿ ಮಾಡುವ ಕ್ಯಾರೇಜ್ ಫೀ ಹೋಗಿಲ್ಲ. ಟೆಲಿಕಾಂ, ಟಿವಿ ಚಾನೆಲ್‌ಗಳ ನಿಯಂತ್ರಕ ಸಂಸ್ಥೆ ಟ್ರಾಯ್ 2017ರ ನಿಯಮದಲ್ಲಿ ಅದಕ್ಕೆ ಮಿತಿ ಹಾಕಿತು, ಮಾಮೂಲಿ ಚಾನೆಲ್‌ಗೆ ಮನೆಯೊಂದಕ್ಕೆ ತಿಂಗಳಿಗೆ 20 ಪೈಸೆ. ಕೇಳಲು ಚಿಲ್ಲರೆ. ಆದರೆ ಐದು ಲಕ್ಷ ಮನೆ ಇರುವ ಒಂದು ಕೇಬಲ್ ಕಂಪನಿಗೆ ಲೆಕ್ಕ ಹಾಕಿ, ತಿಂಗಳಿಗೆ ಒಂದು ಲಕ್ಷ ಆಗುತ್ತೆ, ಅಂಥ ಕಂಪನಿಗಳು ಎಷ್ಟಿವೆ ನೋಡಿ. ಒಳ್ಳೇ ನಂಬರಿನಲ್ಲಿ ಕೂರಬೇಕು ಅಂದರೆ ಅದರ ವ್ಯವಹಾರವೇ ಬೇರೆ. ಸಾಲ ಮಾಡಿ ಚಾನೆಲ್ ಹಾಕಿದವನು ವರದಿಗಾರನಿಗೆ ಸಂಬಳ ಕೊಡುತ್ತಾನೋ, ಇದಕ್ಕೆ ಕಟ್ಟುತ್ತಾನೋ?

ಚಂದನ ವಾಹಿನಿ ಇವತ್ತಿಗೂ ಮನೆಮನೆಗೆ ಬರುತ್ತಿದೆಯಲ್ಲ, ಅದರ ಹಿಂದೆಯೂ ಇದೇ ಲೆಕ್ಕ ಇದೆ. 'ಥಟ್ ಅಂತ ಹೇಳಿ' ಒಳ್ಳೇ ಕಾರ್ಯಕ್ರಮ, ನಾನೂ ಬಿಡದೆ ನೋಡುತ್ತಿದ್ದವನೇ. ಆದರೆ ದೂರದರ್ಶನದ ಚಾನೆಲ್‌ಗಳನ್ನು ಕೇಬಲ್‌ನವರು ತೋರಿಸಲೇಬೇಕು ಅಂತ ಕಾನೂನಿದೆ, ಅದಕ್ಕೇ ಅದಕ್ಕೊಂದು ಜಾಗ ಸಿಕ್ಕಿದೆ. ಆ ಕಾನೂನು ಇರದಿದ್ದರೆ ಸೋಮೇಶ್ವರ ಅವರ ಪ್ರಶ್ನೆಗಳು ಎಷ್ಟು ಚೆನ್ನಾಗಿದ್ದರೂ ರಿಮೋಟಿನ ಎಷ್ಟನೇ ನಂಬರಿನಲ್ಲಿ ಹುಡುಕಬೇಕಾಗುತ್ತಿತ್ತೋ.

ಕೆಟ್ಟ ಕಾರ್ಯಕ್ರಮ ಕೊಟ್ಟು ಮುಳುಗಿದವರು ಯಾರೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜ್ಯೋತಿಷ್ಯ, ಹರಳು ಮಾರಿಕೊಂಡು ದಿನ ದೂಡಿದವರನ್ನು ನಾನೂ ನೋಡಿದ್ದೇನೆ. ಆದರೆ ಮುಂದಿನ ಸಲ ಒಂದು ಕನ್ನಡ ಚಾನೆಲ್ ಮುಚ್ಚಿದ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರಿಗೆ ಒಂದು ಮಾತು ಹೇಳಿ ಸಾರ್. ಟಿಆರ್‌ಪಿ ಎಷ್ಟಿತ್ತು ಅಂತ ಕೇಳುವಾಗ, ಕೇಬಲ್‌ಗೆ ತಿಂಗಳಿಗೆ ಎಷ್ಟು ಕಟ್ಟುತ್ತಿದ್ದರು, ಯಾವ ನಂಬರಿನಲ್ಲಿ ಬರುತ್ತಿತ್ತು ಅಂತಲೂ ಕೇಳಲಿ.

— ಒಬ್ಬ ನಿವೃತ್ತ ಟಿವಿ ಮೆಕ್ಯಾನಿಕ್, ಹಾಸನ