ಗೆಳೆಯನಿಗೊಂದು ಪತ್ರ: ಕೆರಿ ರಿಂಗ್ ಬಿಡು, ಡಿಂಗಲ್‌ಗೆ ಹೋಗು

ಪ್ರೀತಿಯ ಗೆಳೆಯಾ,

ಅಮ್ಮನ ಜೊತೆ ಐರ್ಲೆಂಡ್ ಸುತ್ತಲು ನೀನು ಮಾಡಿದ ಪಟ್ಟಿ ನೋಡಿದೆ. ರಿಂಗ್ ಆಫ್ ಕೆರಿ ರಸ್ತೆ, ಡಿಂಗಲ್ ಊರು, ಕ್ಲಿಫ್ಸ್ ಆಫ್ ಮೋಹರ್ ಬಂಡೆಗಳು, ಅಲ್ಲಿಂದ ಉತ್ತರಕ್ಕೆ ಹೋಗಿ ಜೈಂಟ್ಸ್ ಕಾಸ್‌ವೇ, ಎಲ್ಲಾ ಐದು ದಿನದಲ್ಲಿ! ಮ್ಯಾಪ್‌ನಲ್ಲಿ ಐರ್ಲೆಂಡ್ ಪುಟ್ಟದಾಗಿ ಕಾಣುತ್ತದೆ, ನಿಜ. ಆದರೆ ಪಶ್ಚಿಮದ ಕರಾವಳಿ ಎಲ್ಲೂ ನೆಟ್ಟಗಿಲ್ಲ. 2014ರಲ್ಲಿ ಅದಕ್ಕೆಲ್ಲ ಸೇರಿಸಿ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಹೆಸರಿಟ್ಟು ಬೋರ್ಡು ಹಾಕಿದರಲ್ಲ, ಅದೊಂದೇ ಸುಮಾರು 2,500 ಕಿ.ಮೀ. ಇದೆ. ಪೂರ್ತಿ ನೋಡುತ್ತೇನೆ ಅನ್ನುವ ಆಸೆ ಈಗಲೇ ಬಿಟ್ಟುಬಿಡು. ನನ್ನ ಮಾತು ಕೇಳುವುದಾದರೆ ಕೆರಿ ರಿಂಗ್ ಕೈಬಿಡು, ಡಿಂಗಲ್‌ನಲ್ಲಿ ಎರಡು ರಾತ್ರಿ ಉಳಿ, ಮೋಹರ್ ನೋಡಿಕೊಂಡು ವಾಪಸ್ ಬಾ.

ಎಲ್ಲರೂ ಹೊಗಳುವ ರಿಂಗ್ ಯಾಕೆ ಬೇಡ ಅಂತ ಕೇಳುತ್ತೀಯ. ಅದು ಕಿಲಾರ್ನಿಯಿಂದ ಹೊರಟು ಮತ್ತೆ ಕಿಲಾರ್ನಿಗೇ ಬರುವ 179 ಕಿ.ಮೀ. ದಾರಿ. ಎಲ್ಲೂ ನಿಲ್ಲದೆ ಓಡಿಸಿದರೂ ಮೂರೂವರೆ ಗಂಟೆ ಬೇಕು, ನಾಲ್ಕು ಕಡೆ ನಿಂತರೆ ದಿನ ಮುಗಿಯಿತು. ಬೆಳಗ್ಗೆ ಟೂರಿಸ್ಟ್ ಬಸ್ಸುಗಳೆಲ್ಲ ಅಪ್ರದಕ್ಷಿಣವಾಗಿ, ಕಿಲಾರ್ಗ್ಲಿನ್ ಕಡೆಯಿಂದ ಹೊರಡುತ್ತವೆ. ನೀನೂ ಅದೇ ಕಡೆ ಹೋದರೆ ಬಸ್ಸಿನ ಹಿಂಭಾಗ ನೋಡುತ್ತಾ ಹೋಗಬೇಕು, ಎದುರು ದಿಕ್ಕಿನಲ್ಲಿ ಹೋದರೆ ಕಿರಿದಾದ ತಿರುವಿನಲ್ಲೇ ಅವು ಎದುರಾಗುತ್ತವೆ. ರಿಂಗ್‌ನ ನಿಜವಾದ ಮಜಾ ಇರುವುದು ಅದರಾಚೆಗಿನ ಪೋರ್ಟ್‌ಮಗೀ, ವ್ಯಾಲೆನ್ಶಿಯ ದ್ವೀಪ, ಸ್ಕೆಲಿಗ್ ಮೈಕಲ್ ಎಂಬ ಬಂಡೆ ದ್ವೀಪದ ಕಡೆಗೆ. ಸ್ಕೆಲಿಗ್‌ನಲ್ಲಿ ಮೇಲಿರುವ ಹಳೇ ಮಠಕ್ಕೆ 618 ಕಲ್ಲು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಅಮ್ಮನ ಮಂಡಿ ನೋವಿಗೆ ಅದು ಆಗುವ ಮಾತಲ್ಲ. ಅದನ್ನು ಬಿಟ್ಟ ಮೇಲೆ ರಿಂಗ್‌ಗೆ ಒಂದಿಡೀ ದಿನ ಕೊಡುವುದು ನನಗೆ ಜಾಸ್ತಿ ಅನ್ನಿಸುತ್ತದೆ.

ಡಿಂಗಲ್‌ನ ಸ್ಲೇ ಹೆಡ್ ಡ್ರೈವ್ ಬರೀ 47 ಕಿ.ಮೀ. ಸುತ್ತು. ಊರಿನಿಂದ ಪಶ್ಚಿಮಕ್ಕೆ ಹೊರಟು ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ ಬಾ, ಗುಡ್ಡ ಬಲಕ್ಕೆ, ಸಮುದ್ರ ಎಡಕ್ಕೆ. ಅಮ್ಮನನ್ನು ಎಡಗಡೆ ಕಿಟಕಿಯಲ್ಲೇ ಕೂರಿಸು. ವೆಂಟ್ರಿ ದಾಟಿದ ಮೇಲೆ ದಾರಿ ಕಿರಿದಾಗುತ್ತದೆ. ಒಂದು ಕಡೆ ಗುಡ್ಡದಿಂದ ಬರುವ ತೊರೆ ಸೇತುವೆ ಗೀತುವೆ ಏನೂ ಇಲ್ಲದೆ ರಸ್ತೆಯ ಮೇಲೇ ಹರಿದು ಹೋಗುತ್ತದೆ, ನಿಧಾನಕ್ಕೆ ಅದರಲ್ಲೇ ಕಾರು ದಾಟಿಸಬೇಕು. ಅಲ್ಲಿಯೇ ಆಸುಪಾಸಿನ ಹೊಲಗಳಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಗುಂಡನೆಯ ಹಳೇ ಗುಡಿಸಲುಗಳಿವೆ. ಸ್ವಲ್ಪ ಮುಂದೆ ಬಿಳಿ ಶಿಲುಬೆ ಇರುವ ತಿರುವು ಬರುತ್ತದೆ, ಅದೇ ಸ್ಲೇ ಹೆಡ್. ಬಲಕ್ಕೆ ಬಂಡೆ, ಎಡಕ್ಕೆ ಮೊಣಕಾಲೆತ್ತರದ ಕಲ್ಲು ಗೋಡೆ, ಅದರ ಕೆಳಗೆ ಅಟ್ಲಾಂಟಿಕ್. ಫೋಟೊಗೆ ಅಂತ ದಾರಿಯಲ್ಲೇ ನಿಲ್ಲಿಸಬೇಡಪ್ಪಾ, ಪಕ್ಕದಲ್ಲಿ ಜಾಗ ಮಾಡಿದ್ದಾರೆ.

ಅಲ್ಲಿಂದ ಬ್ಲಾಸ್ಕೆಟ್ ದ್ವೀಪಗಳು ಕಾಣುತ್ತವೆ. ಗ್ರೇಟ್ ಬ್ಲಾಸ್ಕೆಟ್‌ನಲ್ಲಿ ಉಳಿದಿದ್ದ ಕೊನೆಯ ಕೆಲವರನ್ನು 1953ರಲ್ಲಿ ಸರ್ಕಾರವೇ ಈಚೆ ದಡಕ್ಕೆ ಕರೆತಂದಿತು. ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ದಾಟಲು ಆಗುತ್ತಿರಲಿಲ್ಲ, ಕಾಯಿಲೆ ಬಿದ್ದರೆ ಡಾಕ್ಟರ್ ಬರುವಂತಿರಲಿಲ್ಲ, ಹುಡುಗ ಹುಡುಗಿಯರೆಲ್ಲ ಅಮೆರಿಕಕ್ಕೆ ಹೋಗಿಬಿಟ್ಟಿದ್ದರು. ಆದರೂ ಅಷ್ಟು ಚಿಕ್ಕ ದ್ವೀಪದ ಮೀನುಗಾರರು, ಅಜ್ಜಿಯರು ತಮ್ಮ ಬದುಕನ್ನು ಐರಿಷ್‌ನಲ್ಲಿ ಹೇಳಿ, ಬರೆದು ಬಿಟ್ಟುಹೋಗಿದ್ದಾರೆ. ಡನ್‌ಕ್ವಿನ್‌ನಲ್ಲಿರುವ ಬ್ಲಾಸ್ಕೆಟ್ ಸೆಂಟರ್ ಪೂರ್ತಿ ಅವರ ಕಥೆಯೇ. ಒಳಗೆ ಮಟ್ಟಸ ನೆಲ, ಉದ್ದ ಮೊಗಸಾಲೆಯ ಕೊನೆಯಲ್ಲಿ ದೊಡ್ಡ ಕಿಟಕಿ, ಎದುರಿಗೇ ದ್ವೀಪ. ಮಳೆ ಬಂದರೂ ಅಮ್ಮ ಆರಾಮಾಗಿ ಕೂತು ನೋಡಬಹುದು. ಹತ್ತಿರದ ಡನ್‌ಕ್ವಿನ್ ಪಿಯರ್, ಅಂದರೆ ದೋಣಿಕಟ್ಟೆಯ ಸುತ್ತುಬಳಸಿನ ಇಳಿಜಾರನ್ನು ಮೇಲಿನಿಂದಲೇ ನೋಡು. ಕಾರು ಮಾತ್ರ ಇಳಿಸಬೇಡ, ಕೆಳಗೆ ತಿರುಗಿಸಲು ಜಾಗವೇ ಇಲ್ಲ. ಇದು ಐರಿಷ್ ಮಾತಾಡುವ ಸೀಮೆ, ಊರಿನ ಬೋರ್ಡುಗಳು ಸಾಮಾನ್ಯವಾಗಿ ಐರಿಷ್‌ನಲ್ಲೇ ಇರುತ್ತವೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೋ.

ಡ್ರೈವಿಂಗ್ ಬಗ್ಗೆ ಹೆದರಬೇಡ, ನಮ್ಮ ಹಾಗೇ ಎಡಗಡೆ. ಗೇರ್ ಕಾರು ಓಡಿಸಿ ಅಭ್ಯಾಸ ಇದೆಯಲ್ಲ, ಅದನ್ನೇ ತಗೋ, ಆಟೊಮ್ಯಾಟಿಕ್‌ಗೆ ಬಾಡಿಗೆ ಜಾಸ್ತಿ. ದೊಡ್ಡ ಎಸ್‌ಯುವಿ ಸುಮ್ನೆ ತಲೆನೋವು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಿಗೆ ಜಾಗ ಹತ್ತಿರವಿದೆಯೋ ಅವರು ಹಿಂದೆ ಹೋಗುತ್ತಾರೆ. ದಾಟುವಾಗ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ನೀನೂ ಎತ್ತು. ಹಾರ್ನ್ ಇದೆ ಅನ್ನುವುದನ್ನೇ ಮರೆತುಬಿಡು.

ಎರಡು ರಾತ್ರಿ ಯಾಕೆ ಅಂದೆನೆಂದರೆ ಇಲ್ಲಿನ ಮೋಡವನ್ನು ನಂಬುವಂತಿಲ್ಲ. ಬೆಳಗ್ಗೆ ಮಂಜು ಕವಿದು ಹತ್ತಡಿ ಕಾಣದಿದ್ದರೆ ಟೀ ಕುಡಿದು ಮಧ್ಯಾಹ್ನ ಹೊರಡಬಹುದು. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಹೊರಡುವ ದಿನ ಆಕಾಶ ತಿಳಿಯಾಗಿದ್ದರೆ ಕಾನರ್ ಪಾಸ್ ಘಾಟಿ ಹತ್ತು, ಇಲ್ಲವಾದರೆ ಹೆದ್ದಾರಿಯಲ್ಲೇ ಟ್ರಲೀಗೆ ಹೋಗು. ಆಮೇಲೆ ಟಾರ್ಬರ್ಟ್‌ನಲ್ಲಿ ಕಾರು ಸಮೇತ ಫೆರ್ರಿ ಹತ್ತಿದರೆ ಇಪ್ಪತ್ತು ನಿಮಿಷದಲ್ಲಿ ಶ್ಯಾನನ್ ನದಿಯ ಆಚೆ ದಡ, ಲಿಮರಿಕ್ ಸುತ್ತುವುದು ತಪ್ಪುತ್ತದೆ. ಮೋಹರ್‌ಗೆ ಸಂಜೆ ಹೋಗು, ಅಷ್ಟರಲ್ಲಿ ಟೂರಿಸ್ಟ್ ಬಸ್ಸುಗಳು ಹೊರಟುಹೋಗಿರುತ್ತವೆ. 214 ಮೀಟರ್ ಎತ್ತರದ ಬಂಡೆ, ಗಾಳಿ ಜೋರು, ಅಮ್ಮನಿಗೆ ಟೋಪಿ ಬೇಕೇ ಬೇಕು. ಮರುದಿನ ಡೂಲಿನ್‌ನಿಂದ ಬ್ಲ್ಯಾಕ್ ಹೆಡ್ ಸುತ್ತಿ ಬಾಲಿವಾನ್‌ಗೆ ಹೋಗುವ ದಾರಿ ಹಿಡಿ. ಒಂದು ಕಡೆ ಗಾಲ್ವೇ ಕೊಲ್ಲಿ, ಇನ್ನೊಂದು ಕಡೆ ಬರನ್‌ನ ಬೂದು ಸುಣ್ಣಕಲ್ಲಿನ ಗುಡ್ಡ. ಮೋಹರ್‌ಗಿಂತ ಈ ದಾರಿಯೇ ನನಗೆ ಹೆಚ್ಚು ಇಷ್ಟ, ಬೈಯಬೇಡ.

ಇನ್ನು ಉತ್ತರ. ಕಾಸ್‌ವೇಯಲ್ಲಿ ಸುಮಾರು 40,000 ಕಲ್ಲು ಕಂಬಗಳಿವೆ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದ ಅಂಥದ್ದೇ ಕಂಬಗಲ್ಲುಗಳನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೀನು ನೋಡಿದ್ದೀಯ. ಅದಕ್ಕಿಂತ ಮುಖ್ಯ, ಕಾಸ್‌ವೇ ಇರುವುದು ಉತ್ತರ ಐರ್ಲೆಂಡ್‌ನಲ್ಲಿ, ಅಂದರೆ ಯುಕೆ ಒಳಗೆ. ಗಡಿಯಲ್ಲಿ ಗೇಟಿಲ್ಲ, ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ಸ್ಪೀಡ್ ಬೋರ್ಡು ಮೈಲಿಗೆ ತಿರುಗುತ್ತದೆ, ಅಷ್ಟೇ. ಹಾಗಂತ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಡ ಅಂತಲ್ಲ. ಐರಿಷ್ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳಿದ್ದರೆ ಮಾತ್ರ ಅದರಲ್ಲೇ ಎರಡೂ ಕಡೆ ಓಡಾಡಬಹುದು. ಯುರೋಪಿನ ಷೆಂಗೆನ್ ವೀಸಾ ಇಲ್ಲೂ ನಡೆಯಲ್ಲ, ಅಲ್ಲೂ ನಡೆಯಲ್ಲ. ಕಾರು ಬಾಡಿಗೆಯವರಿಗೂ ಗಡಿ ದಾಟುತ್ತೇವೆ ಅಂತ ಮೊದಲೇ ಹೇಳಬೇಕು. ಈ ಸಲಕ್ಕೆ ಅದು ಬೇಡ ಬಿಡು.

ವೀಸಾ ಬಂದ ಕೂಡಲೇ ಆ ಪುಟದ ಫೋಟೊ ಕಳಿಸು. ಡಿಂಗಲ್‌ನಲ್ಲಿ ಬೇಸಿಗೆಯ ರೂಮುಗಳು ಬೇಗ ಮುಗಿಯುತ್ತವೆ, ಅದಕ್ಕೆ ಕ್ಯಾನ್ಸಲ್ ಮಾಡಬಹುದಾದ್ದನ್ನು ಈಗಲೇ ಹಿಡಿದಿಡು. ಅಮ್ಮನಿಗೆ ನೆಲಮಹಡಿಯ ರೂಮೇ ಬೇಕು ಅಂತ ಕೇಳು, ಇಲ್ಲಿನ ಹಳೇ ಮನೆಗಳಲ್ಲಿ ಲಿಫ್ಟ್ ಇರಲ್ಲ.

ನಿನ್ನ,
ಡಬ್ಲಿನ್‌ನ ಗೆಳೆಯ